ಬೇಡದ್ದೂ ಒಳಗೆ ಬರುತ್ತದೆ: ನಿರ್ಧಾರ ಮಾಡುವಾಗ ಮಿದುಳಿನ ಮುಂಭಾಗ ಮಾಡುವ ಕೆಲಸ

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಹಾಸನ ಜಿಲ್ಲೆಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇದೆ. ಕಳೆದ ವರ್ಷ ಬೈಕಿನಿಂದ ಬಿದ್ದು ಅವರ ಹಣೆಗೆ ಪೆಟ್ಟಾಯಿತು, ಆಪರೇಷನ್ ಆಯಿತು. ಈಗ ಮಾತು ಸರಿ ಇದೆ, ಲೆಕ್ಕ ಸರಿ ಇದೆ, ಯಾರ ಬಾಕಿ ಎಷ್ಟು ಅನ್ನುವುದೂ ನೆನಪಿದೆ. ಆದರೆ ಗಿರಾಕಿ ಸಕ್ಕರೆ ಕೇಳಿದರೆ ಎದುರಿಗೆ ಬಾಯಿ ತೆರೆದಿಟ್ಟ ಮೂಟೆಯಿಂದ ಅಕ್ಕಿ ತೂಗುತ್ತಾರೆ. ‘ಸಕ್ಕರೆ ಕೇಳಿದ್ದು ಅಲ್ವಾ ಅಪ್ಪ’ ಎಂದರೆ ‘ಹೌದು, ಸಕ್ಕರೆ’ ಅನ್ನುತ್ತಾರೆ, ಕೈ ಮಾತ್ರ ಅಕ್ಕಿಯಲ್ಲೇ ಇರುತ್ತದೆ. ವೈದ್ಯರು ಫ್ರಾಂಟಲ್ ಲೋಬ್‌ಗೆ ಪೆಟ್ಟಾಗಿದೆ ಎಂದರು. ಬುದ್ಧಿಶಕ್ತಿಯ ಪರೀಕ್ಷೆ ಮಾಡಿಸಿದೆವು, ಎಲ್ಲ ನಾರ್ಮಲ್ ಎಂದು ಬಂತು. ಮಿದುಳಿನ ಈ ಭಾಗ ಬೇಡದ ಮಾಹಿತಿಯನ್ನು ತಡೆದು, ಬೇಕಾದ್ದನ್ನು ಮಾತ್ರ ಒಳಗೆ ಬಿಡುತ್ತದೆ ಎಂದು ಓದಿದೆ. ನಿಜವೇ? ಎಷ್ಟು ಸಲ ಹೇಳಿದರೂ ಅಪ್ಪನ ತಲೆಗೆ ಏಕೆ ಹೋಗುತ್ತಿಲ್ಲ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನೀವು ಹೇಳಿದ್ದು ನಿಮ್ಮ ತಂದೆಯ ತಲೆಗೆ ಹೋಗುತ್ತಿದೆ. ‘ಹೌದು, ಸಕ್ಕರೆ’ ಎಂದು ಅವರೇ ಹೇಳುತ್ತಾರಲ್ಲ. ಆದರೆ ಗೊತ್ತಿರುವ ಆ ವಿಷಯ ಕೈಯನ್ನು ನಡೆಸುತ್ತಿಲ್ಲ. ಇದು ಹಟ ಅಲ್ಲ, ಅಸಡ್ಡೆ ಅಲ್ಲ, ಮರೆವೂ ಅಲ್ಲ. ಮನೆಯವರು ಮೊದಲು ಇದನ್ನು ನಂಬಬೇಕು. ಹಣೆಗೆ ಪೆಟ್ಟಾದವರ ಮನೆಗಳಲ್ಲಿ ಅರ್ಧ ಜಗಳ ಹುಟ್ಟುವುದೇ ‘ಬೇಕೂ ಅಂತ ಹೀಗೆ ಮಾಡ್ತಾರೆ’ ಅನ್ನುವ ಮಾತಿನಿಂದ.

ಇನ್ನು ನೀವು ಓದಿದ ವಿಷಯ. ಅದು ಅರ್ಧ ಸರಿ. ಬೇಡದ ಮಾಹಿತಿ ಮಿದುಳಿನ ಮುಂಭಾಗಕ್ಕೆ ಬರುವ ಮೊದಲೇ ಸೋಸಿಹೋಗುತ್ತದೆ ಅನ್ನುವುದು ಬಹಳ ಕಾಲ ಬಲವಾಗಿದ್ದ ಊಹೆ. ಕಳೆದ ಹತ್ತು ಹದಿನೈದು ವರ್ಷಗಳ ಪ್ರಯೋಗಗಳು ಬೇರೆಯದನ್ನೇ ತೋರಿಸಿವೆ. ಬೇಕಾದ್ದೂ ಬೇಡದ್ದೂ ಎರಡೂ ಅಲ್ಲಿಯವರೆಗೆ ಬರುತ್ತವೆ. ಅವುಗಳಲ್ಲಿ ಯಾವುದು ನಿರ್ಧಾರವನ್ನು ಮುಂದಕ್ಕೆ ತಳ್ಳಬೇಕು, ಯಾವುದು ಬಂದರೂ ಸುಮ್ನೆ ಹೋಗಬೇಕು ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ನಿಮ್ಮ ತಂದೆಯ ವಿಷಯ ಅರ್ಥವಾಗಲು ಈ ವ್ಯತ್ಯಾಸ ಮುಖ್ಯ. ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಣೆಯ ಹಿಂದೆ ಇರುವ ಭಾಗಕ್ಕೆ ಪ್ರೀಫ್ರಾಂಟಲ್ ಕಾರ್ಟೆಕ್ಸ್ ಎನ್ನುತ್ತಾರೆ. ಫ್ರಾಂಟಲ್ ಲೋಬ್‌ನ ಮುಂದಿನ ಪಾಲು ಇದು. ನೋಡುವ ಕೆಲಸ ತಲೆಯ ಹಿಂಭಾಗದಲ್ಲಿ ಶುರುವಾಗುತ್ತದೆ, ಕೇಳುವ ಕೆಲಸ ಕಿವಿಯ ಮೇಲ್ಗಡೆ. ಆ ಎಲ್ಲ ಜಾಗಗಳಿಂದಲೂ, ನೆನಪಿನ ಜಾಗಗಳಿಂದಲೂ, ಹಸಿವು ಭಯ ಆಸೆಗಳ ಜಾಗಗಳಿಂದಲೂ ಇಲ್ಲಿಗೆ ಎಳೆಗಳು ಬರುತ್ತವೆ. ಇಲ್ಲಿಂದ ವಾಪಸ್ ಎಳೆಗಳೂ ಹೋಗುತ್ತವೆ. ಹಾಗಾಗಿ ಇಲ್ಲಿ ಪೆಟ್ಟಾದರೆ ಕಣ್ಣು ಹೋಗುವುದಿಲ್ಲ, ಮಾತು ಪೂರ್ತಿ ನಿಲ್ಲುವುದು ಕಡಿಮೆ, ಕೈಕಾಲು ಎಷ್ಟೋ ಸಲ ಸರಿಯಾಗೇ ಇರುತ್ತವೆ. ಹೊರಗಿನವರು ನೋಡಿದರೆ ‘ಏನೂ ಆಗಿಲ್ಲವಲ್ಲ’ ಅನ್ನುವ ಹಾಗಿರುತ್ತದೆ.

ನಿಮ್ಮ ಅಂಗಡಿಯಲ್ಲಿ ನಡೆಯುವುದಕ್ಕೆ ಬಹಳ ಹತ್ತಿರದ ಒಂದು ಪರೀಕ್ಷೆ ಇದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಮೂರ್ಛೆ ರೋಗಕ್ಕಾಗಿ ಮಿದುಳಿನ ಆಪರೇಷನ್ ಆದವರನ್ನು ಪರೀಕ್ಷಿಸಿ 1963ರಲ್ಲಿ ಇದರ ಫಲಿತಾಂಶ ಬರೆದರು. ಮೇಜಿನ ಮೇಲೆ ನಾಲ್ಕು ಕಾರ್ಡ್ ಇಡುತ್ತಾರೆ. ಒಂದರಲ್ಲಿ ಒಂದು ಕೆಂಪು ತ್ರಿಕೋನ, ಇನ್ನೊಂದರಲ್ಲಿ ಎರಡು ಹಸಿರು ನಕ್ಷತ್ರ, ಮತ್ತೊಂದರಲ್ಲಿ ಮೂರು ಹಳದಿ ಕ್ರಾಸ್, ಕೊನೆಯದರಲ್ಲಿ ನಾಲ್ಕು ನೀಲಿ ವೃತ್ತ. ಆಮೇಲೆ 128 ಕಾರ್ಡ್‌ಗಳ ಕಟ್ಟು ಕೊಟ್ಟು, ಒಂದೊಂದನ್ನೂ ಈ ನಾಲ್ಕರಲ್ಲಿ ಯಾವುದಕ್ಕೆ ಸೇರುತ್ತದೋ ಅಲ್ಲಿಡಿ ಎನ್ನುತ್ತಾರೆ. ಹೇಗೆ ಸೇರಿಸಬೇಕು ಎಂದು ಹೇಳುವುದಿಲ್ಲ. ಇಟ್ಟ ಮೇಲೆ ‘ಸರಿ’ ಅಥವಾ ‘ತಪ್ಪು’ ಎನ್ನುತ್ತಾರೆ, ಅಷ್ಟೇ.

ಎರಡು ಕೆಂಪು ವೃತ್ತಗಳ ಒಂದು ಕಾರ್ಡ್ ಕೈಗೆ ಬಂತು ಅನ್ನಿ. ಬಣ್ಣ ನೋಡಿದರೆ ಮೊದಲನೆಯದಕ್ಕೆ ಸೇರಬೇಕು. ಆಕಾರ ನೋಡಿದರೆ ನಾಲ್ಕನೆಯದಕ್ಕೆ. ಸಂಖ್ಯೆ ನೋಡಿದರೆ ಎರಡನೆಯದಕ್ಕೆ. ಮೂರು ಮಾಹಿತಿಯೂ ಕಣ್ಣೆದುರಿಗೇ ಇದೆ, ಮೂರೂ ನಿಜ. ಈ ಕ್ಷಣಕ್ಕೆ ಯಾವುದು ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನು ಮಾತ್ರ ಕಂಡುಕೊಳ್ಳಬೇಕು. ಸ್ವಲ್ಪ ಹೊತ್ತಿನಲ್ಲಿ ‘ಓ, ಬಣ್ಣ’ ಎಂದು ಗೊತ್ತಾಗುತ್ತದೆ. ಸತತ ಹತ್ತು ಸಲ ಸರಿ ಇಟ್ಟ ಮೇಲೆ, ಏನೂ ಹೇಳದೆ ನಿಯಮವನ್ನು ಆಕಾರಕ್ಕೆ ಬದಲಿಸುತ್ತಾರೆ. ಈಗ ಬಣ್ಣ ನೋಡಿ ಇಟ್ಟರೆ ತಪ್ಪು.

ಹೆಚ್ಚಿನವರು ಕೆಲವು ‘ತಪ್ಪು’ ಕೇಳಿದ ಮೇಲೆ ದಾರಿ ಬದಲಿಸುತ್ತಾರೆ. ಪ್ರೀಫ್ರಾಂಟಲ್ ಭಾಗದ ಹೊರಬದಿಯಲ್ಲಿ ಆಪರೇಷನ್ ಆದವರು ಬದಲಿಸಲಿಲ್ಲ. ‘ತಪ್ಪು’ ಎಂದು ಕೇಳುತ್ತಲೇ ಬಣ್ಣ ನೋಡಿ ಇಡುತ್ತಾ ಹೋದರು. ಮಿಲ್ನರ್ ಇನ್ನೊಂದನ್ನು ಗಮನಿಸಿದರು. ಪರೀಕ್ಷೆಯಲ್ಲಿ ಏನು ಮಾಡಬೇಕು ಎಂದು ಕೆಲವು ರೋಗಿಗಳು ಬಾಯಲ್ಲಿ ಸರಿಯಾಗಿ ಹೇಳುತ್ತಿದ್ದರು. ಹಾಗೆ ಹೇಳಿದ್ದು ಅವರ ಕೈಗೆ ದಾರಿ ತೋರಿಸುತ್ತಿರಲಿಲ್ಲ. ನಿಮ್ಮ ತಂದೆಯ ‘ಹೌದು, ಸಕ್ಕರೆ’ ಇದೇ.

ಫ್ರಾನ್ಸಿನಲ್ಲಿ ಫ್ರಾನ್ಸುವಾ ಲೆರ್ಮಿಟ್ ಎಂಬ ನರರೋಗ ತಜ್ಞರು 1980ರ ದಶಕದಲ್ಲಿ ಬರೆದದ್ದು ಇನ್ನೂ ಹತ್ತಿರ ಬರುತ್ತದೆ. ಫ್ರಾಂಟಲ್ ಭಾಗಕ್ಕೆ ಹಾನಿಯಾದ ಕೆಲವರ ಎದುರು ಒಂದು ವಸ್ತು ಇಟ್ಟರೆ ಸಾಕು, ಯಾರೂ ಹೇಳದಿದ್ದರೂ ಅದನ್ನು ಎತ್ತಿಕೊಂಡು ಬಳಸಲು ಶುರು ಮಾಡುತ್ತಿದ್ದರು. ಕನ್ನಡಕ ಕೊಟ್ಟರೆ ಹಾಕಿಕೊಂಡರು. ಎರಡನೆಯದು ಕೊಟ್ಟರೆ ಮೊದಲನೆಯದರ ಮೇಲೇ ಅದನ್ನೂ ಹಾಕಿಕೊಂಡರು. ಕಣ್ಣಿಗೆ ಬಿದ್ದ ವಸ್ತುವೇ ‘ನನ್ನನ್ನು ಹಿಡಿ’ ಎಂದು ಕೈಯನ್ನು ಕರೆಯುವಂತಿತ್ತು. ಬಾಯಿ ತೆರೆದಿಟ್ಟ ಅಕ್ಕಿ ಮೂಟೆ, ಪಕ್ಕದಲ್ಲೇ ತಕ್ಕಡಿ, ಎಷ್ಟೋ ವರ್ಷಗಳಿಂದ ಅಕ್ಕಿ ತೂಗಿ ಪಳಗಿದ ಕೈ. ಆ ಕರೆ ನಿಮಗೂ ನನಗೂ ಬರುತ್ತದೆ. ನಮ್ಮಲ್ಲಿ ಅದು ‘ಈಗ ಬೇಕಾದ್ದು ಸಕ್ಕರೆ’ ಅನ್ನುವುದರ ಮುಂದೆ ಸೋಲುತ್ತದೆ.

ಹೇಗೆ ಸೋಲುತ್ತದೆ? ಇದು ನನಗೆ ಬಹಳ ಇಷ್ಟದ ವಿಷಯ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಲೇರಿಯೊ ಮಾಂಟೆ, ಡೇವಿಡ್ ಸಸಿಲ್ಲೊ, ಕೃಷ್ಣ ಶೆಣೈ ಮತ್ತು ವಿಲಿಯಂ ನ್ಯೂಸಮ್ ಸೇರಿ ಮಾಡಿದ ಕೆಲಸ 2013ರಲ್ಲಿ ಪ್ರಕಟವಾಯಿತು. ಎರಡು ಮಂಗಗಳಿಗೆ ಒಂದು ಕೆಲಸ ಕಲಿಸಿದರು. ಪರದೆಯ ಮೇಲೆ ಚುಕ್ಕಿಗಳು ಗಿಜಿಗಿಜಿ ಓಡಾಡುತ್ತವೆ. ಕೆಲವು ಕೆಂಪು, ಕೆಲವು ಹಸಿರು. ಒಟ್ಟಾರೆ ನೋಡಿದರೆ ಚುಕ್ಕಿಗಳು ಎಡಕ್ಕೋ ಬಲಕ್ಕೋ ಹರಿಯುತ್ತಿರುತ್ತವೆ. ಹಾಗೇ ಕೆಂಪೋ ಹಸಿರೋ ಸ್ವಲ್ಪ ಜಾಸ್ತಿ ಇರುತ್ತದೆ. ಮೊದಲೇ ಒಂದು ಗುರುತು ತೋರಿಸಿ, ಈ ಸಲ ಬಣ್ಣ ನೋಡಿ ಉತ್ತರ ಕೊಡಬೇಕೋ ಚಲನೆ ನೋಡಿ ಕೊಡಬೇಕೋ ತಿಳಿಸುತ್ತಾರೆ. ಮಂಗ ತನ್ನ ಕಣ್ಣನ್ನು ಎರಡರಲ್ಲಿ ಒಂದು ಕಡೆಗೆ ತಿರುಗಿಸಿ ಉತ್ತರ ಹೇಳುತ್ತದೆ. ಪರದೆಯ ಮೇಲಿನ ಚಿತ್ರ ಅದೇ, ಗುರುತು ಬದಲಾದರೆ ಸರಿಯುತ್ತರ ಬದಲಾಗುತ್ತದೆ.

ಆ ಹೊತ್ತಿನಲ್ಲಿ ಮಿದುಳಿನ ಮುಂಭಾಗದ, ಕಣ್ಣಿನ ಚಲನೆಗೆ ಸಂಬಂಧಪಟ್ಟ ಜಾಗದ ನರಕೋಶಗಳ ಮಿಡಿತವನ್ನು ದಾಖಲಿಸಿದರು. ಬಣ್ಣ ಬೇಕಾದಾಗ ಚಲನೆಯ ಮಾಹಿತಿ ಆ ಜಾಗಕ್ಕೆ ಬರುವ ಮೊದಲೇ ಕಡಿಮೆಯಾಗಿರುತ್ತದೆ ಅನ್ನುವುದು ಸಹಜವಾದ ನಿರೀಕ್ಷೆ. ಹಾಗಾಗಲಿಲ್ಲ. ಬೇಕಾದಾಗ ಎಷ್ಟು ಬಲವಾಗಿ ಬರುತ್ತಿತ್ತೋ ಬೇಡವಾದಾಗಲೂ ಹೆಚ್ಚುಕಡಿಮೆ ಅಷ್ಟೇ ಬಲವಾಗಿ ಚಲನೆಯ ಮಾಹಿತಿ ಅಲ್ಲಿ ಕಾಣಿಸಿತು. ಬಣ್ಣದ್ದೂ ಹಾಗೆಯೇ. ಆದರೂ ಉತ್ತರ ಬಹುಮಟ್ಟಿಗೆ ಗುರುತು ಹೇಳಿದಂತೆಯೇ ಬರುತ್ತಿತ್ತು.

ಇದನ್ನು ಬಿಡಿಸಲು ಅವರು ಕಂಪ್ಯೂಟರಿನಲ್ಲಿ ಒಂದು ಕೃತಕ ನರಜಾಲ, ಅಂದರೆ ನರಕೋಶಗಳ ಹಾಗೆ ಒಂದಕ್ಕೊಂದು ಜೋಡಿಸಿದ ಲೆಕ್ಕಗಳ ಜಾಲ ಕಟ್ಟಿ, ಅದಕ್ಕೂ ಇದೇ ಕೆಲಸ ಕಲಿಸಿದರು. ಯಾವ ಉಪಾಯವನ್ನೂ ಹೇಳಿಕೊಡಲಿಲ್ಲ, ಸರಿಯುತ್ತರ ಕೊಡುವುದನ್ನು ಮಾತ್ರ ಕಲಿಸಿದರು. ಕಲಿತ ಮೇಲೆ ಅದರ ಒಳಗಿನ ಚಟುವಟಿಕೆ ಮಂಗದ ಮಿದುಳಿನಲ್ಲಿ ಕಂಡದ್ದನ್ನೇ ಹೋಲುತ್ತಿತ್ತು. ನರಜಾಲವನ್ನು ಬಿಚ್ಚಿ ನೋಡಬಹುದು, ಮಿದುಳನ್ನು ಹಾಗೆ ನೋಡಲು ಆಗುವುದಿಲ್ಲ. ಬಿಚ್ಚಿದಾಗ ಉಪಾಯ ಕಂಡಿತು.

ಉದ್ದನೆಯ ಒಂದು ಕಾಲುವೆಯ ತಳದಲ್ಲಿ ಗೋಲಿಯೊಂದು ನಿಂತಿದೆ ಅಂದುಕೊಳ್ಳಿ. ಕಾಲುವೆಯ ಒಂದು ತುದಿ ‘ಎಡ’ ಅನ್ನುವ ಉತ್ತರ, ಇನ್ನೊಂದು ತುದಿ ‘ಬಲ’. ಗೋಲಿ ಈಗ ಎಲ್ಲಿದೆಯೋ ಅದೇ ಇಲ್ಲಿಯವರೆಗೆ ಮೂಡಿದ ತೀರ್ಮಾನ. ಬಣ್ಣದ ಮಾಹಿತಿ ಬಂದಾಗ ಗೋಲಿ ಒಂದು ಬದಿಯ ಇಳಿಜಾರಿನ ಮೇಲೆ ಹತ್ತುತ್ತದೆ. ಚಲನೆಯ ಮಾಹಿತಿ ಬಂದಾಗ ಇನ್ನೊಂದು ಬದಿಗೆ. ಎರಡು ತಳ್ಳಾಟವೂ ನಿಜವಾಗಿ ನಡೆಯುತ್ತದೆ. ಆಮೇಲೆ ಗೋಲಿ ಉರುಳಿ ತಳಕ್ಕೆ ವಾಪಸ್ ಬರುತ್ತದೆ. ಎಲ್ಲಿಗೆ ಬಂದು ನಿಲ್ಲುತ್ತದೆ ಅನ್ನುವುದೇ ಮುಖ್ಯ. ಬಣ್ಣ ನೋಡಬೇಕಾದ ಸಲ ಬಣ್ಣದ ಬದಿಯ ಇಳಿಜಾರು ಸ್ವಲ್ಪ ಓರೆಯಾಗಿರುತ್ತದೆ. ಹತ್ತಿದ ಗೋಲಿ ಇಳಿಯುವಾಗ ಒಂಚೂರು ಮುಂದೆ ಬಂದು ನಿಲ್ಲುತ್ತದೆ. ಚಲನೆಯ ಬದಿ ನೇರವಾಗಿರುತ್ತದೆ, ಅಲ್ಲಿಗೆ ಹತ್ತಿದ ಗೋಲಿ ಹೊರಟ ಜಾಗಕ್ಕೇ ಬಂದು ಬೀಳುತ್ತದೆ. ಗುರುತು ಬದಲಾದರೆ ಓರೆ ಬದಲಾಗುತ್ತದೆ. ಬರುವ ಮಾಹಿತಿಯನ್ನು ಯಾರೂ ತಡೆಯಲಿಲ್ಲ. ಬೇಡದ್ದು ಬಂತು, ಅಲುಗಾಡಿಸಿತು, ಏನೂ ಉಳಿಸದೆ ಹೋಯಿತು.

ಇಲ್ಲಿ ‘ಬಣ್ಣದ ನರಕೋಶ’, ‘ಚಲನೆಯ ನರಕೋಶ’ ಎಂದು ಬೇರೆ ಬೇರೆ ಇರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಮುಂಭಾಗದ ಬಹಳಷ್ಟು ನರಕೋಶಗಳು ಬಣ್ಣಕ್ಕೂ ಚಲನೆಗೂ ಗುರುತಿಗೂ ಉತ್ತರಕ್ಕೂ ಬೆರೆತು ಮಿಡಿಯುತ್ತವೆ. ಒಂದೊಂದನ್ನೇ ನೋಡಿದರೆ ಕಲಸುಮೇಲೋಗರ. ನೂರಾರನ್ನು ಒಟ್ಟಿಗೆ ನೋಡಿದಾಗ ಮಾತ್ರ ಚಿತ್ರ ಮೂಡುತ್ತದೆ. ಹಾಗಾಗಿ ಇಲ್ಲಿ ಪೆಟ್ಟಾದಾಗ ‘ಸಕ್ಕರೆ ಗುರುತಿಸುವ ಶಕ್ತಿ’ ಎಂಬ ಒಂದು ತುಂಡು ಹೋಗುವುದಿಲ್ಲ. ಹೊತ್ತಿಗೆ ತಕ್ಕ ಹಾಗೆ ಯಾವುದಕ್ಕೆ ತೂಕ ಕೊಡಬೇಕು ಅನ್ನುವ ಶಕ್ತಿಯೇ ಕುಂದುತ್ತದೆ. ಅಕ್ಕಿಯ ಕರೆಯೂ ಬರುತ್ತದೆ, ಸಕ್ಕರೆಯ ನೆನಪೂ ಬರುತ್ತದೆ. ಹಳೇ ಅಭ್ಯಾಸ ಯಾವುದರ ಕಡೆಗಿದೆಯೋ ಅದು ಗೆಲ್ಲುತ್ತದೆ.

ನೀವು ಓದಿದ್ದು ಅರ್ಧ ಸರಿ ಎಂದೆನಲ್ಲ, ಆ ಅರ್ಧ ಯಾವುದು? ಮುಂಭಾಗ ಹಿಂದಿನ ಜಾಗಗಳಿಗೂ ಸಂದೇಶ ಕಳಿಸುತ್ತದೆ. ಟಿರಿನ್ ಮೂರ್ ಮತ್ತು ಕ್ಯಾಥರೀನ್ ಆರ್ಮ್‌ಸ್ಟ್ರಾಂಗ್ 2003ರಲ್ಲಿ ಮಂಗದ ಮುಂಭಾಗದ ಅದೇ ಕಣ್ಣಿನ ಚಲನೆಯ ಜಾಗಕ್ಕೆ ಕಣ್ಣು ಅಲುಗದಷ್ಟು ಸಣ್ಣ ವಿದ್ಯುತ್ ಕೊಟ್ಟು ನೋಡಿದರು. ದೂರದಲ್ಲಿರುವ ನೋಡುವ ಜಾಗದ ನರಕೋಶಗಳು ಪರದೆಯ ಆ ಭಾಗದ ಚಿತ್ರಕ್ಕೆ ಹೆಚ್ಚು ಜೋರಾಗಿ ಮಿಡಿದವು. ಅಂದರೆ ‘ಅಲ್ಲಿ ನೋಡು’ ಎಂದು ಮುಂಭಾಗ ಹೇಳಿದರೆ ಅಲ್ಲಿಂದ ಬರುವ ಮಾಹಿತಿ ಮೊದಲೇ ಬಲವಾಗುತ್ತದೆ. ಗಮನ ಒಂದೆಡೆ ನೆಟ್ಟಿದ್ದಾಗ ಕಣ್ಣೆದುರಿನದೇ ಕಾಣದೆ ಹೋಗುವುದೂ ಉಂಟು. 1999ರ ಪ್ರಸಿದ್ಧ ಪ್ರಯೋಗದಲ್ಲಿ ಚೆಂಡು ಎಷ್ಟು ಸಲ ಕೈ ಬದಲಾಯಿತು ಎಂದು ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧ ಜನ, ಆಟಗಾರರ ನಡುವೆ ಹಾದುಹೋದ ಗೊರಿಲ್ಲಾ ವೇಷವನ್ನೇ ನೋಡಲಿಲ್ಲ. ಆದ್ದರಿಂದ ಮಾಹಿತಿ ಬರುವ ಮೊದಲೇ ನಡೆಯುವ ಆಯ್ಕೆ, ಬಂದ ಮೇಲೆ ನಡೆಯುವ ಆಯ್ಕೆ, ಎರಡೂ ಇವೆ. ಬೇಕಾದ್ದೂ ಬೇಡದ್ದೂ ಬೇರೆ ಬೇರೆ ಜಾಗದಲ್ಲಿದ್ದರೆ ಮೊದಲೇ ಒಂದು ಕಡೆಗೆ ಒಲವು ಕೊಡುವುದು ಸುಲಭ. ಬಣ್ಣವೂ ಚಲನೆಯೂ ಅದೇ ಚುಕ್ಕಿಗಳಲ್ಲಿದ್ದಾಗ ಕೆಲಸ ಒಳಗೇ ನಡೆಯಬೇಕಾಗುತ್ತದೆ.

ಎಲ್ಲರ ಮಿದುಳೂ ಒಂದೇ ಉಪಾಯ ಹಿಡಿಯಬೇಕು ಅಂತಲೂ ಇಲ್ಲ. ಪ್ರಿನ್ಸ್‌ಟನ್‌ನ ಕಾರ್ಲೋಸ್ ಬ್ರೋಡಿ ಅವರ ತಂಡ ಈಚೆಗೆ ಇಲಿಗಳಿಗೆ ಇಂಥದೇ ಕೆಲಸ ಕಲಿಸಿತು. ಟಿಕ್ ಟಿಕ್ ಸದ್ದುಗಳು ಎಡ ಬಲದಿಂದ ಬರುತ್ತವೆ, ಕೆಲವು ಕೀರಲು, ಕೆಲವು ಗಡಸು. ಒಮ್ಮೆ ದಿಕ್ಕು ನೋಡಬೇಕು, ಒಮ್ಮೆ ಸ್ವರ. ಇಲಿಗಳೆಲ್ಲ ಚೆನ್ನಾಗಿಯೇ ಕಲಿತವು. ಆದರೆ ಒಳಗಿನ ಲೆಕ್ಕಾಚಾರ ಒಂದೊಂದರಲ್ಲಿ ಒಂದೊಂದು ತರಹ ಇತ್ತು. ಒಂದೇ ಜಾಗಕ್ಕೆ ಪೆಟ್ಟಾದ ಇಬ್ಬರಲ್ಲಿ ತೊಂದರೆ ಒಂದೇ ತರಹ ಇರದೆ ಹೋಗುವುದಕ್ಕೆ ಇದೂ ಒಂದು ಕಾರಣ ಇರಬಹುದು ಅನ್ನುವುದು ನನ್ನ ಅನಿಸಿಕೆ.

ಕಣ್ಣುಗುಡ್ಡೆಗಳ ಮೇಲ್ಗಡೆ ಇರುವ ಭಾಗದ ಮಾತು ಸ್ವಲ್ಪ ಬೇರೆ. ಅಲ್ಲಿ ‘ಇದು ನನಗೆ ಎಷ್ಟು ಬೆಲೆಯದು’ ಅನ್ನುವುದರ ತೂಕ ನಡೆಯುತ್ತದೆ. ಕಮಿಲ್ಲೊ ಪಡೋವಾ ಸ್ಕಿಯೊಪ್ಪಾ ಮತ್ತು ಜಾನ್ ಅಸ್ಸಾದ್ 2006ರಲ್ಲಿ ಮಂಗಗಳಿಗೆ ಎರಡು ಜ್ಯೂಸ್‌ಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು ಆರಿಸಲು ಬಿಟ್ಟರು. ಈ ಜಾಗದ ಕೆಲವು ನರಕೋಶಗಳು ಜ್ಯೂಸ್ ಎಡಗಡೆ ಇದೆಯೋ ಬಲಗಡೆಯೋ ಲೆಕ್ಕಿಸದೆ, ಆ ಮಂಗಕ್ಕೆ ಅದರ ಬೆಲೆ ಎಷ್ಟು ಅನ್ನುವುದಕ್ಕೆ ತಕ್ಕಂತೆ ಮಿಡಿದವು. ಈ ಭಾಗದ ಸುತ್ತ ಹಾನಿಯಾದರೆ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಆಂಟೋನಿಯೊ ಡಮಾಸಿಯೊ ವರ್ಣಿಸಿದ, ಎಲಿಯಟ್ ಎಂಬ ಬದಲಿ ಹೆಸರಿನ ರೋಗಿಗೆ ಗೆಡ್ಡೆಯ ಆಪರೇಷನ್ ಆದ ಮೇಲೂ ಬುದ್ಧಿ ಚುರುಕಾಗೇ ಇತ್ತು. ಆದರೆ ಆಫೀಸಿನ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಲೋ ಗಾತ್ರದ ಪ್ರಕಾರವೋ ಎಂದು ಇಡೀ ಮಧ್ಯಾಹ್ನ ಯೋಚಿಸುತ್ತ ಕೂರುತ್ತಿದ್ದ. ಎಲ್ಲವೂ ಗೊತ್ತು, ಎಲ್ಲವೂ ಒಂದೇ ತೂಕ. ನಿಮ್ಮ ತಂದೆ ಸಣ್ಣ ಆಯ್ಕೆಗಳಲ್ಲಿ ಹೀಗೆ ಸಿಕ್ಕಿಕೊಳ್ಳುತ್ತಾರೋ, ಅಥವಾ ಯಾರು ಏನು ಹೇಳಿದರೂ ದುಡ್ಡು ಕೊಟ್ಟುಬಿಡುತ್ತಾರೋ ಗಮನಿಸಿ. ಎರಡನೆಯದು ಇದ್ದರೆ ದೊಡ್ಡ ಮೊತ್ತದ ವ್ಯವಹಾರಕ್ಕೆ ಇನ್ನೊಬ್ಬರ ಸಹಿ ಇರುವಂತೆ ಬೇಗ ಏರ್ಪಾಡು ಮಾಡಿ.

ಈಗ ಮನೆಯಲ್ಲಿ ಏನು ಮಾಡಬಹುದು ಅನ್ನುವುದಕ್ಕೆ ಬರೋಣ.

ಮತ್ತೆ ಮತ್ತೆ ಹೇಳುವುದನ್ನು, ಅದರಲ್ಲೂ ದನಿ ಏರಿಸಿ ಹೇಳುವುದನ್ನು ಬಿಡಿ. ಗಿರಾಕಿಗಳೆದುರು ಗದರಿದರಂತೂ ಹೆಚ್ಚು ಕೆಡುತ್ತದೆ. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಹಲವು ದಶಕಗಳಿಂದ ತೋರಿಸುತ್ತ ಬಂದಿರುವುದು ಇದನ್ನೇ. ಗಾಬರಿಯಾದಾಗ ಮಿದುಳಿನಲ್ಲಿ ಏರುವ ನಾರ್‌ಅಡ್ರಿನಲಿನ್ ಮತ್ತು ಡೋಪಮಿನ್ ಎಂಬ ರಾಸಾಯನಿಕಗಳು ಅತಿಯಾದರೆ ಮುಂಭಾಗದ ನರಕೋಶಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಹಳೇ ಅಭ್ಯಾಸಗಳು ಇನ್ನೂ ಬಲವಾಗುತ್ತವೆ. ಪೆಟ್ಟಾಗದ ಮಿದುಳಿಗೇ ಹೀಗಾಗುತ್ತದೆ ಎಂದಾದರೆ, ಪೆಟ್ಟಾದದ್ದಕ್ಕೆ ಕೇಳಬೇಕೆ? ನಿದ್ದೆ ಕೆಟ್ಟ ದಿನ, ಸಂತೆ ದಿನದ ಗಲಾಟೆಯಲ್ಲಿ ಅವರನ್ನು ಒಬ್ಬರೇ ಗಲ್ಲಾದಲ್ಲಿ ಕೂರಿಸಬೇಡಿ. ದಣಿವಾದ ಹಾಗೆ ತಪ್ಪು ಹೆಚ್ಚುತ್ತಿದೆಯೇ ನೋಡಿ, ಮಧ್ಯಾಹ್ನ ವಿಶ್ರಾಂತಿ ಕೊಡಿ.

ಒಳಗಿನ ಆಯ್ಕೆ ಕಷ್ಟವಾದಾಗ ಹೊರಗೆ ಆಯ್ಕೆ ಕಡಿಮೆ ಮಾಡಬೇಕು. ಅಕ್ಕಿ ಮೂಟೆಯ ಬಾಯಿ ಮುಚ್ಚಿಡಿ. ತಕ್ಕಡಿಯ ಪಕ್ಕ ಏನೂ ಇರದಿರಲಿ. ಗಿರಾಕಿ ಕೇಳಿದ ಸಾಮಾನನ್ನು ಮೊದಲು ಚೀಟಿಯಲ್ಲಿ ಬರೆದು, ಚೀಟಿಯನ್ನು ತಕ್ಕಡಿಯ ಮುಂದೆ ನಿಲ್ಲಿಸಿ, ಕೈ ಚಾಚುವ ಮೊದಲು ಅವರೇ ಗಟ್ಟಿಯಾಗಿ ಓದಲಿ. ಒಂದು ಸಾಮಾನು ಮುಗಿದ ಮೇಲೆ ಅದರ ಮೇಲೆ ಗೀಟು ಎಳೆದು ಮುಂದಿನದಕ್ಕೆ ಹೋಗಲಿ. ಕೈ ಚಾಚುವುದಕ್ಕೂ ಹಿಡಿಯುವುದಕ್ಕೂ ನಡುವೆ ಒಂದು ನಿಲುಗಡೆ ಹಾಕುವುದೇ ಇದರ ಉದ್ದೇಶ. ಗೋಲ್ ಮ್ಯಾನೇಜ್‌ಮೆಂಟ್ ಟ್ರೈನಿಂಗ್ ಎಂಬ ತರಬೇತಿಯಲ್ಲೂ ಇದನ್ನೇ ಹಂತ ಹಂತವಾಗಿ ಕಲಿಸುತ್ತಾರೆ: ನಿಲ್ಲು, ನಾನೀಗ ಏನು ಮಾಡಬೇಕಿತ್ತು ಎಂದು ಕೇಳಿಕೋ, ಮಾಡು, ಮಾಡಿದ್ದು ಅದೇನಾ ಎಂದು ನೋಡು. ಹೀಗೆ ಅಭ್ಯಾಸ ಮಾಡಿಸಿದಾಗ ಸ್ವಲ್ಪಮಟ್ಟಿಗೆ ಅನುಕೂಲ ಕಂಡಿದೆ. ಪೆಟ್ಟಾದ ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ, ಆದರೆ ನಿಂತೇಹೋಗುತ್ತದೆ ಅನ್ನುವಂತಿಲ್ಲ. ಅಂಗಡಿ ಬಿಡಿಸಿ ಮನೆಯಲ್ಲಿ ಕೂರಿಸಬೇಡಿ ಎಂದು ನನ್ನ ಕಳಕಳಿಯ ಸಲಹೆ. ಅವರಿಗೆ ಗೊತ್ತಿರುವ ಕೆಲಸವೇ ಅವರಿಗೆ ಒಳ್ಳೆಯ ತರಬೇತಿ.

ಪರೀಕ್ಷೆ ನಾರ್ಮಲ್ ಬಂದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಲಂಡನ್‌ನ ಟಿಮ್ ಶಾಲಿಸ್ ಮತ್ತು ಪಾಲ್ ಬರ್ಗೆಸ್ 1991ರಲ್ಲಿ ತಲೆಗೆ ಪೆಟ್ಟಾಗಿ ಫ್ರಾಂಟಲ್ ಭಾಗಕ್ಕೆ ಹಾನಿಯಾಗಿದ್ದ ಮೂವರ ಬಗ್ಗೆ ಬರೆದರು. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಅವರು ಚೆನ್ನಾಗಿಯೇ ಮಾಡಿದ್ದರು. ಆಮೇಲೆ ಅಂಗಡಿ ಬೀದಿಗೆ ಕರೆದುಕೊಂಡು ಹೋಗಿ, ಇಂತಿಂಥದ್ದು ಕೊಂಡು ತನ್ನಿ, ಇಂಥ ವಿಷಯ ತಿಳಿದು ಬನ್ನಿ, ಏನೂ ಕೊಳ್ಳದಿದ್ದರೆ ಅಂಗಡಿಯೊಳಗೆ ಕಾಲಿಡಬೇಡಿ ಎಂದು ಕೆಲವು ಸರಳ ನಿಯಮ ಹೇಳಿ ಬಿಟ್ಟರು. ಮೂವರೂ ಎಡವಿದರು. ಪರೀಕ್ಷೆಯ ಕೋಣೆ ಶಾಂತವಾಗಿರುತ್ತದೆ, ಮೇಜಿನ ಮೇಲೆ ಒಂದೇ ಕೆಲಸ ಇರುತ್ತದೆ, ಮುಂದೇನು ಎಂದು ಎದುರಿಗೆ ಕೂತವರೇ ಹೇಳುತ್ತಾರೆ. ರೋಗಿಯ ಮುಂಭಾಗ ಮಾಡಬೇಕಾದ ಕೆಲಸವನ್ನು ಆ ಕೋಣೆಯೇ ಮಾಡಿಬಿಡುತ್ತದೆ.

ನಿಮ್ಮ ತಂದೆಗೆ ಪೂರ್ಣ ನ್ಯೂರೋಸೈಕಾಲಜಿ ಪರೀಕ್ಷೆ, ಅಂದರೆ ಗಮನ, ನೆನಪು, ಯೋಚನೆಗಳನ್ನೆಲ್ಲ ಬೇರೆ ಬೇರೆಯಾಗಿ ಅಳೆಯುವ ಪರೀಕ್ಷೆ ಮಾಡಿಸಿ, ಬರೀ ಬುದ್ಧಿಶಕ್ತಿಯದು ಸಾಲದು. ಬೆಂಗಳೂರಿನ ನಿಮ್ಹಾನ್ಸ್‌ನವರು ನಮ್ಮ ಜನರಿಗೆಂದೇ ಹೊಂದಿಸಿದ ಪರೀಕ್ಷೆಗಳ ಗುಂಪಿದೆ, ಮೇಲೆ ಹೇಳಿದ ಕಾರ್ಡ್ ಪರೀಕ್ಷೆಯೂ ಅದರಲ್ಲಿದೆ. ಹೋಗುವ ಮೊದಲು ಒಂದು ವಾರ ಅಂಗಡಿಯಲ್ಲಿ ಏನೇನು ತಪ್ಪಾಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಗಿರಾಕಿ ಕೇಳಿದ್ದೇನು, ಅಪ್ಪ ಕೊಟ್ಟದ್ದೇನು, ಆಗ ಕಣ್ಣೆದುರಿಗೆ ಏನಿತ್ತು, ಎಷ್ಟು ಗಂಟೆ, ಸುತ್ತ ಎಷ್ಟು ಜನ, ನೆನಪಿಸಿದಾಗ ಅವರು ಏನೆಂದರು. ತಪ್ಪಾಗದೆ ನಡೆದ ವ್ಯಾಪಾರಗಳಲ್ಲಿ ಒಂದೆರಡನ್ನೂ ಹೀಗೇ ಬರೆಯಿರಿ. ಪರೀಕ್ಷೆಯ ಅಂಕಗಳ ಜೊತೆ ಆ ಪುಸ್ತಕವನ್ನೂ ಇಟ್ಟುಕೊಂಡು ನೋಡಿದರೆ, ಅವರಿಗೆ ಯಾವ ತರಬೇತಿ ಬೇಕು ಎಂದು ಹೇಳುವುದು ತಜ್ಞರಿಗೆ ಬಹಳ ಸುಲಭವಾಗುತ್ತದೆ.